ನಾನಾ?

ನಿಮಗೆ ಅಳಲು ಬರುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನೆಯ ವಾಹನ ಕಂದಕಕ್ಕೆ ಉರುಳಿ ಐವರು ಯೋಧರು ತೀರಿಕೊಂಡರು. ಅವರಲ್ಲೊಬ್ಬ ನಮ್ಮ ಬೀಜಾಡಿಯ ಹುಡುಗನೆಂದು ತಿಳಿದಾಗ ಉಪ್ಪುಂದದ ಚಾದಂಗಡಿಗಳಲ್ಲಿ ಮಾತು ನಿಂತಿತ್ತು. ಅವನ ದೇಹ ಊರಿಗೆ ಬಂದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಮಕ್ಕಳ ಕೈ ಹಿಡಿದು, ಹೂವಿನ ಪೊಟ್ಟಣ ಎದೆಗವಚಿಕೊಂಡು ದಾರಿಯಂಚಿನಲ್ಲಿ ನಿಂತವರು ನೀವೇ. ಅದಕ್ಕೂ ಮೊದಲು, 2016ರ ಫೆಬ್ರವರಿಯಲ್ಲಿ, ಸಿಯಾಚಿನ್‌ನ ಹಿಮದಡಿ ಆರು ದಿನ ಹೂತುಹೋಗಿ ಉಸಿರು ಉಳಿಸಿಕೊಂಡು ಹೊರಬಂದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ, ಅವರ ಮುಖವನ್ನೇ ಎಂದೂ ನೋಡದ ನೀವು ದೇವರ ಮುಂದೆ ದೀಪ ಹಚ್ಚಿದ್ದಿರಿ. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕಣ್ಣು ಮುಚ್ಚಿದಾಗ ನಿಮ್ಮ ಮನೆಯವರೇ ಹೋದ ಹಾಗೆ ಕೂತಿದ್ದಿರಿ. ಅದು ನಾಟಕವಲ್ಲ. ಆ ಕಣ್ಣೀರಿನ ಮೇಲೆ ನನಗೆ ಸಂಶಯವಿದ್ದಿದ್ದರೆ ಇದನ್ನು ನಿಮಗೆ ಬರೆಯುತ್ತಲೇ ಇರಲಿಲ್ಲ.

ನಾನು ಕೇಳಬೇಕೆಂದಿರುವುದು ಪೆಟ್ಟಿಗೆಯಲ್ಲಿ ಬಂದವರ ಬಗ್ಗೆ ಅಲ್ಲ, ನಡೆದು ಬಂದವರ ಬಗ್ಗೆ. ಬೈಂದೂರು ಸ್ಟೇಷನ್ನಿನಲ್ಲಿ ತಮ್ಮ ಟ್ರಂಕನ್ನು ತಾವೇ ಹಿಡಿದು ಇಳಿದವರ ಬಗ್ಗೆ. ಅವಧಿ ಮುಗಿಯುವ ಮೊದಲೇ ಕಾಯಿಲೆಯ ಕಾರಣಕ್ಕೆ ಮನೆಗೆ ಕಳಿಸಲ್ಪಟ್ಟು, ಸೇರಿದ ವರ್ಷ ಯುವಕ ಮಂಡಲದವರು ಕಟ್ಟಿದ್ದ ಫ್ಲೆಕ್ಸು ಹರಿದು ಕೋಳಿಗೂಡಿನ ಮಾಡಿಗೆ ಹೊದಿಕೆಯಾದುದನ್ನು ನೋಡುತ್ತ ಅಂಗಳಕ್ಕೆ ಕಾಲಿಟ್ಟವರ ಬಗ್ಗೆ. ಅವರಿಗೆ ಬ್ಯಾಂಡಿಲ್ಲ, ಹಾರವಿಲ್ಲ. ‘ರಜೆಯಲ್ಲಾ?’ ಎಂದು ಕೇಳುತ್ತೇವೆ. ಒಂದು ತಿಂಗಳಾದ ಮೇಲೆ ಕೇಳುವುದನ್ನೂ ಬಿಡುತ್ತೇವೆ.

ಅಂಥವನೊಬ್ಬ ನಮ್ಮ ಕಡೆ ಇದ್ದಾನೆ. ಹೆಸರು ಹೇಳುವುದಿಲ್ಲ, ಗುರುತು ಹತ್ತುವ ಹಾಗೆಯೂ ಬರೆಯುವುದಿಲ್ಲ. ಆದರೆ ನಿಮ್ಮ ಕೇರಿಯಲ್ಲೂ ಒಬ್ಬನಿದ್ದರೆ ಇದನ್ನು ಓದುವಾಗ ನಿಮಗೆ ಅವನ ಮುಖವೇ ಕಣ್ಣ ಮುಂದೆ ಬಂದೀತು. ಹತ್ತೊಂಬತ್ತಕ್ಕೆ ಸೈನ್ಯ ಸೇರಿದವನು. ಸೇರುವಾಗ ಓಡಿಸಿ, ಹಾರಿಸಿ, ಕಣ್ಣು ಕಿವಿ ಹಲ್ಲು ಎದೆ ಎಲ್ಲ ತಟ್ಟಿ ನೋಡಿ ‘ಸರಿ ಇದ್ದಾನೆ’ ಎಂದು ಬರೆದುಕೊಂಡೇ ಒಳಗೆ ಬಿಟ್ಟದ್ದು. ಎಂಟೊಂಬತ್ತು ವರ್ಷದ ಮೇಲೆ, ನಮ್ಮ ಉಪ್ಪುಗಾಳಿಯಲ್ಲಿ ಬೆಳೆದ ಮೈಗೆ ಹೆಸರೂ ಗೊತ್ತಿಲ್ಲದ ಚಳಿಯ ಒಂದು ಠಾಣೆಯಲ್ಲಿ, ನಡುರಾತ್ರಿ ಅವನಿಗೆ ಮೊದಲ ಸಲ ಫಿಟ್ಸ್ ಬಂತು. ಆಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಮಿಲಿಟರಿ ಆಸ್ಪತ್ರೆ, ಗುಳಿಗೆ, ಮೆಡಿಕಲ್ ಬೋರ್ಡು, ಕೊನೆಗೆ ಮನೆ. ಹಿಂದೆಯೇ ಒಂದು ಕಾಗದ ಬಂತು: ನಿನ್ನ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ.

ಇಂಗ್ಲಿಷಿನಲ್ಲಿ ಆ ವಾಕ್ಯ ‘ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್’ ಎಂದಿರುತ್ತದೆ. ಸಾವಿರಾರು ಕಡತಗಳ ಮೇಲೆ ಬರೆದು ಬರೆದು ಸಾಕಾಗಿ ಅದನ್ನು ಮೊದಲಕ್ಷರಗಳಿಗೆ ಇಳಿಸಿಕೊಂಡಿದ್ದಾರೆ: ‘ನಾನಾ’. ಈ ಕೇಸು ಏನು ಎಂದು ಕೇಳಿದರೆ ‘ನಾನಾ ಕೇಸು’ ಎನ್ನುತ್ತಾರೆ. ಕನ್ನಡದ ಕಿವಿಗೆ ಆ ಪದ ಹೇಗೆ ಕೇಳಿಸುತ್ತದೆ ಎಂದು ಅದನ್ನು ಹುಟ್ಟಿಸಿದವರಿಗೆ ಗೊತ್ತಿರಲಿಕ್ಕಿಲ್ಲ. ಅವನಿಗೆ ಅದನ್ನು ನಾನು ಓದಿ ಹೇಳಿದಾಗ ಅವನು ಅದನ್ನೇ ಪ್ರಶ್ನೆಯಾಗಿ ತಿರುಗಿಸಿ ಕೇಳಿದ: “ನಾನಾ, ಮಾಷ್ಟ್ರೇ? ಇದ್ಕೆ ಕಾರಣ ನಾನಾ?”

ನಾನಾ? ಈ ಪ್ರಶ್ನೆಯನ್ನು ಅವನು ಎಷ್ಟು ರಾತ್ರಿ ಕೇಳಿಕೊಂಡಿರಬಹುದು ಎಂದು ಯೋಚಿಸಿ. ಸರ್ಕಾರ ತರಲಿಲ್ಲ, ಚಳಿ ತರಲಿಲ್ಲ, ನಿದ್ದೆಗೆಟ್ಟ ಕಾವಲು ತರಲಿಲ್ಲ ಎಂದಾದರೆ ಈ ಕಾಯಿಲೆಯನ್ನು ತಂದವನು ತಾನೇ ಎಂದಾಯಿತಲ್ಲ. ಅಪ್ಪನ ಕಡೆಯಿಂದ ಬಂತೋ, ಅಮ್ಮನ ಕಡೆಯಿಂದಲೋ ಎಂದು ಮನೆಯೊಳಗೇ ಬೆರಳುಗಳು ಎದ್ದವು. ನಾಗನಿಗೆ ತಂಬಿಲ ತಪ್ಪಿಸಿದ್ದಕ್ಕೆ ಎಂದೊಬ್ಬರು, ಸೊಸೆಯ ಕಾಲ್ಗುಣ ಎಂದೊಬ್ಬರು. ಹಣ ಸಿಗದಿದ್ದುದು ಒಂದು ನಷ್ಟ. ‘ನಿನ್ನ ಕಾಯಿಲೆ ನಿನ್ನದೇ’ ಎಂಬ ಸರ್ಕಾರಿ ಮೊಹರು ಬಿದ್ದದ್ದು ಅದಕ್ಕಿಂತ ದೊಡ್ಡದು, ಮತ್ತು ಅದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ನಮ್ಮದು ಕಡಲಿನ ಊರು. ಫಿಟ್ಸ್ ಬರುವವನನ್ನು ಯಾರೂ ದೋಣಿ ಹತ್ತಿಸುವುದಿಲ್ಲ, ಹತ್ತಿಸಲೂಬಾರದು. ಅವನು ಆಟೋ ಓಡಿಸುವಂತಿಲ್ಲ, ತೆಂಗಿನಮರ ಏರುವಂತಿಲ್ಲ, ಬಾವಿಕಟ್ಟೆಯ ಬಳಿ ಒಬ್ಬನೇ ನಿಲ್ಲುವಂತಿಲ್ಲ, ಬೆಂಗಳೂರಿನ ಹೋಟೆಲಿನಲ್ಲಿ ಕಾದ ಎಣ್ಣೆಯ ಮುಂದೆ ಕೆಲಸ ಮಾಡುವಂತಿಲ್ಲ. ಒಂದು ಊರಿನ ಗಂಡಸರು ಮಾಡುವ ಕೆಲಸಗಳನ್ನೆಲ್ಲ ಒಂದೊಂದಾಗಿ ತೆಗೆದುಬಿಟ್ಟರೆ ಏನು ಉಳಿಯುತ್ತದೋ ಅದು ಅವನ ಪಾಲಿಗೆ ಉಳಿದಿದೆ: ಜಗಲಿ. ಅವನ ಹೆಂಡತಿ ಬೆಳಗಾಗುವ ಮೊದಲೇ ಗೇರುಬೀಜದ ಕಾರ್ಖಾನೆಗೆ ಹೊರಡುತ್ತಾಳೆ. ಸಿಪ್ಪೆಯ ಸೊನೆ ತಾಗಿ ಬೆರಳ ತುದಿ ಸುಟ್ಟಿರುತ್ತದೆ. ಮಗಳು ಶಾಲೆಯಿಂದ ಬಂದವಳೇ ಚೀಲ ಇಡುವ ಮೊದಲು ಅಪ್ಪ ಎಲ್ಲಿದ್ದಾನೆಂದು ನೋಡುತ್ತಾಳೆ. ಪಿಂಚಣಿ ಇಲ್ಲದವನಿಗೆ ಮಾಜಿ ಸೈನಿಕರ ಇಸಿಎಚ್‌ಎಸ್ ಚಿಕಿತ್ಸೆಯ ಬಾಗಿಲೂ ಸಾಮಾನ್ಯವಾಗಿ ತೆರೆಯುವುದಿಲ್ಲ. ದೇಶಕ್ಕೆ ಕಾವಲು ನಿಂತು ಬಂದ ಕಾಯಿಲೆಯ ಗುಳಿಗೆಯನ್ನು ಹೆಂಡತಿಯ ಬೆರಳ ತುದಿ ಕೊಳ್ಳುತ್ತಿದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಆ ಕಾಗದವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಅವನು ನನ್ನ ಮನೆಗೆ ಬಂದಿದ್ದ. “ಇದ್ರಂಗೆ ಎಂತ ಬರ್ದಿತ್ ಕಾಣಿ” ಎಂದು ಕೊಟ್ಟ. ನಾನು ಓದಿದೆ. ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಎಂಬ ಸಾಲೂ ಅದರಲ್ಲಿತ್ತು. ನಾನು ಕನ್ನಡಕ ತೆಗೆದು, ಕಾಗದ ಮಡಚಿ, ನಮ್ಮ ಕಡೆಯವರೆಲ್ಲ ಹೇಳುವ ಒಂದು ಮಾತು ಹೇಳಿದೆ: “ಕಾಂಬ.”

ಕಾಂಬ. ನೋಡೋಣ. ಕುಂದಾಪ್ರ ಕನ್ನಡದಲ್ಲಿ ಇಷ್ಟು ಸಿಹಿಯಾದ ಪದ ಇನ್ನೊಂದಿಲ್ಲ; ಇಲ್ಲ ಎನ್ನಲು ಬಾಯಿ ಬಾರದವರು ಕಟ್ಟಿಕೊಂಡ ಪದ ಅದು. ನೋಡಬಾರದೆಂದು ಗಟ್ಟಿ ಮಾಡಿಕೊಂಡಾಗಲೇ ನಾವು ‘ಕಾಂಬ’ ಎನ್ನುತ್ತೇವೆ. ಅವನು ತೊಟ್ಟೆಯನ್ನು ಮತ್ತೆ ಸುತ್ತಿಕೊಂಡು ಹೋದ. ಅಷ್ಟಮಿ ಬಂತು, ಚೌತಿ ಬಂತು, ದೀಪಾವಳಿ ಬಂತು, ತೇರು ಬಂತು. ಎದುರು ಸಿಕ್ಕಾಗಲೆಲ್ಲ ಅವನು ನಗುತ್ತಿದ್ದ, ನಾನೂ ನಗುತ್ತಿದ್ದೆ. ಆರು ತಿಂಗಳು ಹಾಗೆ ಕಳೆಯಿತು.

ನೀವೂ ಎಂದೋ ಒಮ್ಮೆ ಯಾರಿಗೋ ಹೀಗೆ ‘ಕಾಂಬ’ ಎಂದಿರಬಹುದು. ಕೆಟ್ಟತನದಿಂದ ಅಲ್ಲ. ನಮಗೆ ಕೋರ್ಟು ಎಂದರೆ ಹೆದರಿಕೆ, ಮಿಲಿಟರಿ ಎಂದರೆ ಇನ್ನೂ ಹೆದರಿಕೆ. ಅಲ್ಲಿನ ಡಾಕ್ಟರೇ ಬರೆದ ಮೇಲೆ ಮುಗಿಯಿತು ಎಂದು ನಂಬಿಕೆ. ನಾನೂ ಹಾಗೆಯೇ ನಂಬಿದ್ದೆ. ಆಮೇಲೆ ನಾಚಿಕೆ ತಡೆಯದೆ ಓದಲು ಕೂತೆ. ಓದಿದ ಮೇಲೆ ಗೊತ್ತಾಯಿತು, ಮುಗಿದಿರಲಿಲ್ಲ. ಮುಗಿಯಿತು ಎಂದುಕೊಂಡವರು ನಾವು ಮಾತ್ರ.

ಕೇಳಿ. 1982ರ ಪಿಂಚಣಿ ಅರ್ಹತಾ ನಿಯಮಗಳು ಏನು ಹೇಳುತ್ತವೆ ಗೊತ್ತೇ? ಸೇರುವಾಗ ದಾಖಲೆಯಲ್ಲಿ ಕಾಯಿಲೆಯ ಗುರುತು ಇಲ್ಲವಾದರೆ ಆ ಮನುಷ್ಯ ಆರೋಗ್ಯವಾಗಿಯೇ ಸೇರಿದ ಎಂದು ಭಾವಿಸಬೇಕು. ನಡುವೆ ಕಾಯಿಲೆಯಾಗಿ ಹೊರಬಿದ್ದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು. ಸಾಬೀತು ಮಾಡುವ ಹೊರೆ ಸೈನಿಕನ ಮೇಲಿಲ್ಲ. ಸಂಶಯವಿದ್ದರೆ ಅದರ ಲಾಭ ಅವನಿಗೆ ಸಿಗಬೇಕು; ಗಡಿಯಂಥ ಕಷ್ಟದ ಜಾಗದಲ್ಲಿ ಇದ್ದವನಿಗೆ ಇನ್ನೂ ಉದಾರವಾಗಿ ಸಿಗಬೇಕು. ಸೇರುವಾಗ ಪತ್ತೆಯಾಗದಂಥ ಕಾಯಿಲೆ ಇದು ಎಂದು ಬೋರ್ಡಿಗೆ ಅನ್ನಿಸಿದರೆ, ಯಾಕೆ ಹಾಗನ್ನಿಸಿತು ಎಂಬ ಕಾರಣವನ್ನು ಬರೆಯಬೇಕು. ಅಂದರೆ ‘ನಾನಾ?’ ಎಂದು ಅವನು ತನ್ನನ್ನು ಕೇಳಿಕೊಳ್ಳಬೇಕಾಗಿಯೇ ಇರಲಿಲ್ಲ. ಉತ್ತರ ಹೇಳಬೇಕಾದವರು ಮೊಹರು ಒತ್ತಿದವರು.

ಇದು ಕಾಗದದ ಮೇಲಿನ ಕರುಣೆಯಷ್ಟೇ ಅಲ್ಲ. ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ ವಿಭಾಗಕ್ಕೆ ಸೇರಿದರು, ಒಂಬತ್ತು ವರ್ಷದ ಮೇಲೆ ಫಿಟ್ಸ್ ಬಂದು 1994ರಲ್ಲಿ ಹೊರಬಿದ್ದರು. ಇದು ಹುಟ್ಟುಗುಣದ ಕಾಯಿಲೆ, ಸೇವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಬೋರ್ಡು ಬರೆಯಿತು, ಪಿಂಚಣಿ ಇಲ್ಲ. ಅವರು ಬಿಡಲಿಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟಿನ ಪೀಠವೊಂದು ಈ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ ಅವರಿಗೆ ಪಿಂಚಣಿ ಕೊಡಿಸಿತು. ಅದಾದ ಮೇಲೂ ಸರ್ಕಾರ ಒಪ್ಪದೆ ಹಲವು ಸೈನಿಕರ ವಿರುದ್ಧ ಮೇಲ್ಮನವಿ ಹೂಡಿತು. 2015ರ ಫೆಬ್ರವರಿಯಲ್ಲಿ ರಾಜಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅವನ್ನು ತಳ್ಳಿಹಾಕಿತು. ಮತ್ತೆ ಫಿಟ್ಸ್‌ನದೇ ಇನ್ನೊಂದು ಕತೆ: ಬಿಜೇಂದರ್ ಸಿಂಗ್ 1985ರಲ್ಲಿ ಸೇರಿ, ಸಿಯಾಚಿನ್‌ನಲ್ಲಿ ಕರ್ತವ್ಯದಲ್ಲಿದ್ದಾಗ ಕಾಯಿಲೆ ಬಿದ್ದು, 1989ರಲ್ಲಿ ಮನೆಗೆ ಬಂದವರು. ಅವರಿಗೆ ಸುಪ್ರೀಂ ಕೋರ್ಟಿನ ತೀರ್ಪು ಸಿಕ್ಕಿದ್ದು 2025ರ ಏಪ್ರಿಲ್‌ನಲ್ಲಿ. ಮೂವತ್ತಾರು ವರ್ಷ. ಅಷ್ಟರಲ್ಲಿ ಮಗು ಹುಟ್ಟಿ, ಬೆಳೆದು, ಅದಕ್ಕೂ ಮಕ್ಕಳಾಗುತ್ತವೆ.

ಆ ಮೂವತ್ತಾರು ವರ್ಷಗಳಲ್ಲಿ ಸೋತು ಬಿಟ್ಟವರೆಷ್ಟು ಮಂದಿ ಇರಬಹುದು? ಗೆದ್ದವರ ಹೆಸರು ಕಾನೂನು ಪುಸ್ತಕದಲ್ಲಿ ಬರುತ್ತದೆ. ಬಿಟ್ಟವರ ಹೆಸರು ಎಲ್ಲೂ ಬರುವುದಿಲ್ಲ. ಅವರು ಜಗಲಿಯಲ್ಲಿ ಕೂತಿರುತ್ತಾರೆ.

ಇನ್ನೊಬ್ಬನಿದ್ದಾನೆ, ಜಗಲಿಗೂ ಬಾರದವನು. ಗಾಯ ಕೈಕಾಲಿಗಲ್ಲ, ಮನಸ್ಸಿಗೆ ಆದವನು. “ಮಂಡಿ ಸಮ ಇಲ್ಲೆ”, ತಲೆ ಸರಿಯಿಲ್ಲ, ಎಂದು ಒಂದೇ ಮಾತಿನಲ್ಲಿ ನಾವು ಅವನನ್ನು ಮುಗಿಸಿರುತ್ತೇವೆ. ದರ್ಶನದಲ್ಲಿ ಕೇಳಿಸಿದ್ದಾಯಿತು, ಚೀಟು ಕಟ್ಟಿಸಿದ್ದಾಯಿತು, ತಂಗಿಯ ಮದುವೆ ಮಾತುಕತೆಗೆ ಬಂದವರ ಕಣ್ಣಿಗೆ ಬೀಳದಂತೆ ಒಳಕೋಣೆಯಲ್ಲಿ ಕೂರಿಸಿದ್ದೂ ಆಯಿತು. ತನಗೆ ಏನಾಯಿತೆಂದು ಹೇಳಲು ಬಾರದವನು ಮೇಲ್ಮನವಿ ಹೇಗೆ ಬರೆದಾನು? 2025ರ ಮೇ ತಿಂಗಳಲ್ಲಿ ರಾಜುಮೋನ್ ಎಂಬ ಸೈನಿಕನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಂಥವನಿಗಾಗಿಯೇ. ಸ್ಕಿಜೋಫ್ರೇನಿಯಾ ಎಂದು ಬರೆದು ಹೊರಗೆ ಕಳಿಸಿದ ಬೋರ್ಡು ಅದಕ್ಕೆ ಕಾರಣ ಕೊಟ್ಟಿರಲಿಲ್ಲ. ಕಾರಣ ಕೊಡದ ಅಭಿಪ್ರಾಯದ ಮೇಲೆ ಒಬ್ಬನ ಪಿಂಚಣಿ ಕಿತ್ತುಕೊಳ್ಳುವಂತಿಲ್ಲ ಎಂದಿತು ಕೋರ್ಟು. ಆ ತೀರ್ಪನ್ನು ನಮ್ಮ ಒಳಕೋಣೆಯವನ ತನಕ ಯಾರು ತಂದು ಮುಟ್ಟಿಸಬೇಕು?

ನಾನಾ? ಎಂದು ಈಗ ನೀವು ಕೇಳಿಕೊಂಡಿರಿ ಅಲ್ಲವೇ. ಕೇಳಿಕೊಳ್ಳಬೇಕೆಂದೇ ಬರೆದೆ.

ದಾರಿ ಉದ್ದವಿದೆ, ಸುಳ್ಳು ಹೇಳುವುದಿಲ್ಲ. ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಎರಡನೆಯ ಮೇಲ್ಮನವಿ ಸಮಿತಿ. ಅಲ್ಲೂ ಆಗದಿದ್ದರೆ 2007ರ ಕಾಯ್ದೆಯಂತೆ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕವನ್ನು ಅದರ ಕೊಚ್ಚಿ ಪೀಠಕ್ಕೆ ಜೋಡಿಸಿದ್ದಾರೆ. ಕೊಚ್ಚಿಗೆ ನಮ್ಮ ಕೊಂಕಣ ರೈಲಿನ ಹಳಿಯೇ ಹೋಗುತ್ತದೆ, ಆದರೆ ಫಿಟ್ಸ್ ಬರುವವನೊಬ್ಬ ರಾತ್ರಿಯಿಡೀ ರೈಲಿನಲ್ಲಿ ಕೂತು, ಮಲಯಾಳ ಬಾರದ ಊರಿನಲ್ಲಿ ಇಳಿದು, ವಕೀಲರ ಆಫೀಸು ಹುಡುಕಿ, ಇಂಗ್ಲಿಷಿನಲ್ಲಿ ಮಾತಾಡಿ ಬರುವುದೆಂದರೆ ಅದು ಅವನ ಕಾಯಿಲೆಗಿಂತ ದೊಡ್ಡ ಕಾಯಿಲೆ. ನ್ಯಾಯಮಂಡಳಿಯ ತೀರ್ಪು ವಿರುದ್ಧವಾದರೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ ಎಂದು 2023ರ ಮಾರ್ಚ್‌ನಲ್ಲಿ ಪರಷೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬೆಂಗಳೂರಿನ ದಾರಿಯೂ ಸ್ವಲ್ಪ ಹತ್ತಿರವಾಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಅರ್ಹತೆಯ ಹೊಸ ನಿಯಮಗಳು ಬಂದವು, ಬಿಗಿಯಾಗಿವೆ ಎಂಬ ದೂರಿದೆ. ಅವು ಆಮೇಲೆ ಹೊರಬಂದವರಿಗೆ. ಹಳಬರಿಗೆ ಹಳೆಯ ನಿಯಮಗಳೇ ಆಸರೆ.

ಈ ದಾರಿಯಲ್ಲಿ ತಡವಾದಷ್ಟೂ ಕಳೆದುಹೋಗುತ್ತದೆ. ತರ್ಸೇಮ್ ಸಿಂಗ್ ಎಂಬವರು 1983ರಲ್ಲಿ ಕಾಯಿಲೆಯಿಂದ ಸೈನ್ಯ ಬಿಟ್ಟವರು, ಹದಿನಾರು ವರ್ಷ ಸುಮ್ಮನಿದ್ದು 1999ರಲ್ಲಿ ಹೈಕೋರ್ಟಿಗೆ ಹೋದರು. 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪಿಂಚಣಿಯ ಹಕ್ಕು ಸತ್ತಿಲ್ಲ, ಆದರೆ ಬಾಕಿ ಹಣ ಅರ್ಜಿ ಹಾಕುವ ಮೊದಲಿನ ಮೂರು ವರ್ಷಕ್ಕೆ ಮಾತ್ರ. ಹದಿಮೂರು ವರ್ಷದ ಅನ್ನ ಹಾಗೆ ಹೋಯಿತು. ಅವರ ಊರಿನಲ್ಲೂ ಯಾರೋ ಮಾಷ್ಟ್ರು ‘ಕಾಂಬ’ ಎಂದಿರಬಹುದೇ, ಪಂಜಾಬಿಯಲ್ಲಿ ಅದಕ್ಕೆ ಏನೆನ್ನುತ್ತಾರೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಹಣ ಎಷ್ಟು ಎಂದು ಕೇಳುವವರಿಗೆ ಹೇಳುತ್ತೇನೆ, ದೊಡ್ಡ ಗಂಟೇನೂ ಅಲ್ಲ. ನೂರಕ್ಕೆ ನೂರು ಅಂಗವೈಕಲ್ಯವಿದ್ದರೆ ಕೊನೆಯ ಸಂಬಳದ ಶೇ. 30, ಶೇ. 20 ಇದ್ದರೆ ಸಂಬಳದ ಶೇ. 6. ಆ ಇಪ್ಪತ್ತನ್ನು ಐವತ್ತೆಂದು ಎತ್ತಿ ಹಿಡಿಯುವ ನಿಯಮವೊಂದಿದೆ. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ತೀರ್ಪು ಅದರ ನೆರಳನ್ನು ಇನ್ನಷ್ಟು ಜನರಿಗೆ ಹರಡಿತು. ಆಗ ಆರು ಹದಿನೈದಾಗುತ್ತದೆ. ಜೊತೆಗೆ ಸೇವಾ ಅಂಶದ ಪಿಂಚಣಿ. ನಿಮ್ಮ ಮನೆಯಲ್ಲಿ ಅದು ಮಗನ ಮೊಬೈಲಿನ ಕಂತಾಗಬಹುದು. ಅವನ ಮನೆಯಲ್ಲಿ ಅದು ಹೆಂಡತಿಗೆ ಒಂದು ದಿನದ ರಜೆ.

ಸರ್ಕಾರವನ್ನು ಬಯ್ಯಲು ನಾನು ಇದನ್ನು ಬರೆಯಲಿಲ್ಲ, ಆದರೂ ಒಂದು ಮಾತು ಗಂಟಲಲ್ಲಿ ನಿಲ್ಲುವುದಿಲ್ಲ. ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್, ನಮ್ಮ ನೆರೆಯ ಗೋವಾದವರು, 2015ರಲ್ಲಿ ತಜ್ಞರ ಸಮಿತಿಯೊಂದನ್ನು ಕೂರಿಸಿದರು. ಅಂಗವಿಕಲ ಸೈನಿಕರ ವಿರುದ್ಧ ಸುಮ್ಮಸುಮ್ಮನೆ ಮೇಲ್ಮನವಿ ಹೋಗುವುದನ್ನು ನಿಲ್ಲಿಸಿ ಎಂದು ಆ ಸಮಿತಿ ಹೇಳಿತು. ಹತ್ತು ವರ್ಷದ ಮೇಲೆ, 2025ರ ಜುಲೈಯಲ್ಲಿ, ಪಿಂಚಣಿ ಕೊಡಿ ಎಂದ ನ್ಯಾಯಮಂಡಳಿಯ ಆದೇಶಗಳನ್ನು ಪ್ರಶ್ನಿಸಿ ಕೇಂದ್ರ ಸರ್ಕಾರ ಹಾಕಿದ್ದ ಸುಮಾರು 300 ಅರ್ಜಿಗಳನ್ನು ದೆಹಲಿ ಹೈಕೋರ್ಟು ವಜಾ ಮಾಡಬೇಕಾಯಿತು. ಅದೇ ಹೈಕೋರ್ಟು ಆ ವರ್ಷದ ಮಾರ್ಚ್‌ನಲ್ಲಿ, ನಾವು ಬೆಂಕಿಯ ಪಕ್ಕ ಬಿಸಿ ಕಾಫಿ ಹೀರುವಾಗ ಗಡಿಯಲ್ಲಿ ಸೈನಿಕರು ಹಿಮಗಾಳಿಗೆ ಮೈಯೊಡ್ಡಿರುತ್ತಾರೆ ಎಂಬರ್ಥದ ಮಾತು ಬರೆದಿತ್ತು. ನಮ್ಮದು ಬೆಂಕಿಯೂ ಬೇಡದ ಸೆಖೆಯ ಊರು, ಚಾ ಸಾಕು. ಆದರೂ ಆ ಮಾತು ನಮಗೂ ತಾಗಬೇಕು.

ಸುಳ್ಳು ಕಾಯಿಲೆ ಹೇಳಿ ಪಿಂಚಣಿ ಪಡೆಯುವವರೂ ಇದ್ದಾರಲ್ಲ ಎನ್ನುವಿರಿ. ಇರಬಹುದು. ಎಲ್ಲ ಬಲೆಯಲ್ಲೂ ಒಂದಷ್ಟು ಕಸ ಬರುತ್ತದೆ, ಹಾಗೆಂದು ಬಲೆಯನ್ನೇ ಕಡಲಿಗೆ ಬಿಸಾಡಿ ಬಂದವರನ್ನು ನಾನು ಉಪ್ಪುಂದದಲ್ಲಿ ಕಂಡಿಲ್ಲ.

ಮಳೆಗಾಲದಲ್ಲಿ ನಾಡದೋಣಿ ಮಗುಚಿತೆಂದು ಕೂಗು ಬಿದ್ದರೆ ನೀವೇನು ಮಾಡುತ್ತೀರಿ? ಯಾರ ದೋಣಿ, ಯಾವ ಜಾತಿ, ಗಾಳಿ ನೋಡದೆ ಹೋದದ್ದು ಯಾರ ತಪ್ಪು ಎಂದು ಕೇಳುತ್ತೀರಾ? ಉಣ್ಣುತ್ತಿದ್ದ ಬಟ್ಟಲು ಬಿಟ್ಟು ಓಡುತ್ತೀರಿ. ಈಜು ಬಾರದವರು ಹಗ್ಗ ಹಿಡಿದು ನಿಲ್ಲುತ್ತೀರಿ. ಹೆಂಗಸರು ಕಂಬಳಿ ತರುತ್ತಾರೆ, ಬಿಸಿ ನೀರು ಕಾಯಿಸುತ್ತಾರೆ. ಆಗ ಯಾರ ಬಾಯಲ್ಲೂ ‘ನಾನಾ?’ ಇಲ್ಲ, ಯಾರ ಬಾಯಲ್ಲೂ ‘ಕಾಂಬ’ ಇಲ್ಲ. ಹತ್ತಾರು ವರ್ಷದಿಂದ ಮಗುಚಿಕೊಂಡಿರುವ ಈ ದೋಣಿಯ ಬಳಿಗೆ ಯಾಕೆ ಓಡಲಿಲ್ಲ ಎಂದರೆ ಇದರ ಕೂಗು ಕೇಳಿಸುವುದಿಲ್ಲ, ಅಷ್ಟೇ. ಪ್ಲಾಸ್ಟಿಕ್ ತೊಟ್ಟೆಯೊಳಗಿನ ಕಾಗದ ಕೂಗುವುದಿಲ್ಲ.

ಮಾಡಬೇಕಾದ್ದು ಕಡಲಿಗೆ ಹಾರುವಷ್ಟು ದೊಡ್ಡದೂ ಅಲ್ಲ. ಬ್ಯಾಂಕಿನಿಂದ ನಿವೃತ್ತರಾಗಿ ಬೆಳಗ್ಗೆ ಎರಡು ಪೇಪರು ಓದಿ ಮುಗಿಸುವ ರಾಯರೇ, ಒಂದು ಮಾಹಿತಿ ಹಕ್ಕು ಅರ್ಜಿ ಬರೆದುಕೊಡಿ. ಹತ್ತು ರೂಪಾಯಿ ಶುಲ್ಕ. ಅವನ ರೆಕಾರ್ಡ್ಸ್ ಆಫೀಸಿನಿಂದ ಮೆಡಿಕಲ್ ಬೋರ್ಡಿನ ಪೂರ್ತಿ ದಾಖಲೆ ಕೇಳಿ ತರಿಸಿ. ಬೋರ್ಡು ಕಾರಣ ಬರೆದಿದೆಯೋ, ಬರೀ ‘ನಾನಾ’ ಬರೆದಿದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕುಂದಾಪುರದ ಕೋರ್ಟಿನ ವಕೀಲ ಮಿತ್ರರೇ, ನಿಮ್ಮಲ್ಲೊಬ್ಬರು, ಒಬ್ಬರೇ ಒಬ್ಬರು, ಈ ನಿಯಮಗಳನ್ನು ಕಲಿತು ಕೊಚ್ಚಿಯ ಪೀಠದಲ್ಲಿ ಅರ್ಜಿ ಹಾಕುವ ಬಗೆ ತಿಳಿದುಕೊಂಡರೆ ಶಿರೂರಿನಿಂದ ಬ್ರಹ್ಮಾವರದವರೆಗಿನ ಮನೆಗಳಿಗೆ ಒಂದು ಬಾಗಿಲಾಗುತ್ತದೆ. ಇಲ್ಲದಿದ್ದರೆ ಗೆದ್ದ ಬಾಕಿಯಲ್ಲಿ ಇಷ್ಟು ಪಾಲು ನನಗೆ ಎಂದು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ದಲ್ಲಾಳಿಗಳ ಕೈಗೆ ಇವರು ಬೀಳುತ್ತಾರೆ. ಬೆಂಗಳೂರಿನಲ್ಲಿ ಹೋಟೆಲು ಬೇಕರಿ ಇಟ್ಟು ಊರಿನ ತೇರಿಗೆ ತಪ್ಪದೆ ಬರುವ ತಮ್ಮಂದಿರೇ, ಹೈಕೋರ್ಟಿಗೆ ಬಂದವನಿಗೆ ಒಂದು ರಾತ್ರಿ ಮಲಗಲು ಜಾಗ ಕೊಡಿ, ಜೊತೆಗೆ ಒಬ್ಬ ಹುಡುಗನನ್ನು ಕಳಿಸಿ. ಯುವಕ ಮಂಡಲದವರೇ, ಸೇರುವ ಹುಡುಗನಿಗೆ ಫ್ಲೆಕ್ಸು ಹಾಕಿ, ಬೇಡವೆನ್ನುವುದಿಲ್ಲ. ಹೊರಬಿದ್ದವನ ಮನೆಗೊಂದು ಸಂಜೆ ಹೋಗಿ. ಅಕ್ಕಂದಿರೇ, ಗೇರುಬೀಜದ ಕಾರ್ಖಾನೆಯಲ್ಲಿ ಅವಳ ಪಕ್ಕದಲ್ಲೇ ಕೂರುವವರು ನೀವು. ಅವಳು ಬಾಯಿ ಬಿಡುವುದು ನಿಮ್ಮ ಹತ್ತಿರ ಮಾತ್ರ.

ವಕೀಲರಿಗೆ ಕೊಡಲು ಹಣವಿಲ್ಲ ಎಂಬುದು ನಾನು ಅತಿ ಹೆಚ್ಚು ಕೇಳಿದ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮು ಓದಿ. ಅಂಗವಿಕಲನಿಗೆ ಉಚಿತ ವಕೀಲರು, ಹೆಂಗಸಿಗೆ ಉಚಿತ ವಕೀಲರು, ಆದಾಯ ಕೇಳುವಂತಿಲ್ಲ. ಅವನಿಗೂ ಹಕ್ಕಿದೆ, ಅವನಿಲ್ಲದೆ ಹೋದರೆ ಅವನ ಹೆಂಡತಿಗೂ ಹಕ್ಕಿದೆ. 2025ರ ಜುಲೈ 26ರಂದು, ಕಾರ್ಗಿಲ್ ವಿಜಯದ ದಿನ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ಶ್ರೀನಗರದಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ ಎಂಬುದನ್ನು ಆರಂಭಿಸಿತು. ಸೈನಿಕರ, ಮಾಜಿ ಸೈನಿಕರ, ಅವರ ಮನೆಯವರ ಕಾನೂನು ಕಷ್ಟಗಳಿಗೆ ಸೈನಿಕ ಮಂಡಳಿಗಳಲ್ಲೇ ನೆರವು ಕೇಂದ್ರ ತೆರೆಯಬೇಕೆಂಬುದು ಅದರ ಉದ್ದೇಶ. ಉಡುಪಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ, ಉಚಿತ ದೂರವಾಣಿ 15100 ಇದೆ. ಎಲ್ಲವೂ ಇವೆ. ಜಗಲಿಯಿಂದ ಅಲ್ಲಿಯವರೆಗೆ ಕೈ ಹಿಡಿದು ಕರೆದೊಯ್ಯುವ ಒಬ್ಬರಿಲ್ಲ.

ಹಿಂದೆ ನಮ್ಮ ತೀರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದಾಗ ದಾರಿಹೋಕರೂ ಹಗ್ಗಕ್ಕೆ ಕೈ ಹಾಕುತ್ತಿದ್ದರು. ಕೈ ಹಾಕಿದವರಿಗೆಲ್ಲ ನಾಲ್ಕು ಮೀನು. ನಾನು ಹುಡುಗನಾಗಿದ್ದಾಗ ಎಳೆದದ್ದಕ್ಕಿಂತ ಹಗ್ಗಕ್ಕೆ ಜೋತು ಬಿದ್ದದ್ದೇ ಜಾಸ್ತಿ, ಆದರೂ ಯಾರೂ ಓಡಿಸಲಿಲ್ಲ. ಈ ಹಗ್ಗಕ್ಕೂ ಅಷ್ಟೇ ಬಲ ಸಾಕು.

ನಾನು ಅವನ ಮನೆಗೆ ಮತ್ತೆ ಹೋದೆ. ತಡವಾಗಿ ಹೋದೆ. “ಆ ತೊಟ್ಟೆ ಕೊಡು, ಕಾಂಬ” ಎಂದೆ. ಅವನು ಒಳಗೆ ಹೋಗಿ ಅಕ್ಕಿ ಮುಡಿಯ ಹಿಂದಿನಿಂದ ಅದನ್ನು ತಂದ. ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಅಕ್ಷರ ಇನ್ನೂ ಓದುವಂತಿತ್ತು. ತಡವಾದದ್ದಕ್ಕೆ ಕ್ಷಮೆ ಕೋರುವ ಅರ್ಜಿಯನ್ನೂ ಸೇರಿಸಿ ಮೇಲ್ಮನವಿ ಹೋಗಿದೆ. ಉತ್ತರ ಬಂದಿಲ್ಲ. ಬಂದರೂ ಮತ್ತೆ ‘ನಾನಾ’ ಎಂದೇ ಬರಬಹುದು. ಆಗ ಕೊಚ್ಚಿಗೆ ಹೋಗಬೇಕು, ಇಬ್ಬರಿಗೆ ಟಿಕೆಟ್ ಮಾಡಿಸಬೇಕು.

ನಿಮ್ಮ ಕೇರಿಯವನ ಕಾಗದ ಇನ್ನೂ ಅಕ್ಕಿ ಮುಡಿಯ ಹಿಂದೆಯೇ ಇದೆ. ಅದು ಇಂಗ್ಲಿಷಿನಲ್ಲಿದೆ. ನಿಮಗೆ ಓದಲು ಬರುತ್ತದೆ.